ರೋಟಾವೇಟರ್ ಶಾಫ್ಟ್: ಉಕ್ಕು ಬದಲಿಸುವ ಮೊದಲು ಮುರಿದ ಜಾಗ ನೋಡಿ

ಅಣ್ಣಾ, ರೋಣದ ಎರೆ ಹೊಲದಲ್ಲಿ ನಿಮ್ಮ ರೋಟಾವೇಟರ್ ಶಾಫ್ಟ್ ಎರಡನೇ ಸಲ ಮುರಿದಿದೆ, ಲೇತ್ ಅಂಗಡಿಯವರು ಇನ್ನೂ ಗಡಸು ಉಕ್ಕು ಹಾಕಿಸಿ ಎನ್ನುತ್ತಿದ್ದಾರೆ, ಹಾಕಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ. ನೀವು ಹಾಕಿದ ಫೋಟೊದಲ್ಲೇ ಉತ್ತರವಿದೆ.

ತಿರುಚುವ ಬಲ ಒಂದೇ ಆದರೂ ಎಲ್ಲ ಲೋಹ ಒಂದೇ ರೀತಿ ಮುರಿಯುವುದಿಲ್ಲ. ಸೀಮೆಸುಣ್ಣದ ಕಡ್ಡಿಯನ್ನು ತಿರುಚಿ ನೋಡಿ, 45 ಡಿಗ್ರಿ ಓರೆಯಲ್ಲಿ ಸುರುಳಿಯಾಗಿ ಮುರಿಯುತ್ತದೆ. ಎಳೆತ ಅತಿ ಹೆಚ್ಚಾಗಿ ಬೀಳುವುದು ಆ ಓರೆಗೇ. ಬೀಡು ಕಬ್ಬಿಣದ ಗುಣವೂ ಅದೇ; ಇಂಥ ಪೆಡಸು ವಸ್ತುಗಳಿಗೆ, ಎಳೆತ ಮಿತಿ ಮೀರಿದಲ್ಲಿ ವಸ್ತು ಮುರಿಯುತ್ತದೆ ಎನ್ನುವ ರ‍್ಯಾಂಕಿನ್ ಸಿದ್ಧಾಂತ ಹೊಂದುತ್ತದೆ. ಮೆದು ಉಕ್ಕು ಹಾಗಲ್ಲ. ಅದರ ಪದರಗಳು ಒಂದರ ಮೇಲೊಂದು ಜಾರಿ ಸೋಲುತ್ತವೆ. ಎಳೆತದಲ್ಲಿ 250 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ) ತಾಳುವ ಉಕ್ಕು ತಿರುಚಿದಾಗ 125ಕ್ಕೇ ಮಣಿಯುತ್ತದೆ ಎನ್ನುತ್ತದೆ 1864ರ ಟ್ರೆಸ್ಕಾ ಲೆಕ್ಕ. 1913ರ ವಾನ್ ಮಿಸೆಸ್ ಲೆಕ್ಕದಲ್ಲಿ ಅದು ಸುಮಾರು 144. ಪ್ರಯೋಗಗಳಿಗೆ ಹತ್ತಿರವಿರುವುದು ಎರಡನೆಯದು. ಆದರೂ ಹೊಲಕ್ಕಿಳಿಯುವ ಶಾಫ್ಟಿಗೆ ನಾನು ಟ್ರೆಸ್ಕಾವನ್ನೇ ಹಿಡಿಯುತ್ತೇನೆ, ಅಂಕಿ ಕಡಿಮೆಯಾದಷ್ಟೂ ಸುರಕ್ಷಿತ.

ಇವೆಲ್ಲ ಒಂದೇ ಏಟಿಗೆ ಬೀಳುವ ಭಾರದ ಮಾತು. ನಿಮ್ಮ ಫೋಟೊ ಹೇಳುವುದು ಬೇರೆ. ಶಾಫ್ಟಿನಲ್ಲಿ ಕೀ ಕೂರುವ ತೋಡಿನ (ಕೀವೇ) ಚೂಪು ಮೂಲೆಯಿಂದ ಬಿಲ್ಲಿನಂಥ ಸಣ್ಣ ಗೆರೆಗಳು ಒಂದರ ಹಿಂದೊಂದು ಹರಡಿವೆ, ಅಲ್ಲಿ ಮುಖ ನುಣುಪಾಗಿದೆ. ಕೊನೆಯ ಸ್ವಲ್ಪ ಭಾಗ ಮಾತ್ರ ಒರಟು. ಇದು ಲೋಹದ ದಣಿವು. ಒಣಗಿದ ಎರೆಯ ಹೆಂಟೆಗೆ ಬ್ಲೇಡು ಬಡಿದಾಗಲೆಲ್ಲ ಬಿರುಕು ಕೂದಲೆಳೆಯಷ್ಟು ಮುಂದೆ ಸರಿದಿದೆ. ಉಳಿದ ಲೋಹ ಭಾರ ತಾಳದಷ್ಟು ಸಣ್ಣದಾದ ದಿನ ಶಾಫ್ಟ್ ತುಂಡಾಗಿದೆ. ಗಡಸು ಉಕ್ಕು ಚೂಪು ಮೂಲೆಯನ್ನು ಇನ್ನೂ ಕಡಿಮೆ ಸಹಿಸುತ್ತದೆ, ಆದ್ದರಿಂದ ಮೂಲೆ ಹಾಗೇ ಬಿಟ್ಟು ಉಕ್ಕು ಬದಲಿಸಿದರೆ ಹಣ ದಂಡ.

ಹೊಸ ಶಾಫ್ಟಿನಲ್ಲಿ ತೋಡಿನ ತಳದ ಮೂಲೆಯನ್ನೂ ವ್ಯಾಸ ಬದಲಾಗುವ ಮೆಟ್ಟಿಲನ್ನೂ ದುಂಡಾಗಿಸಿ ಕೊಡಲು ಹೇಳಿ. ಬೇರಿಂಗ್ ಒಪ್ಪುವುದಾದರೆ ದಪ್ಪವನ್ನೂ ಹೆಚ್ಚಿಸಿ. ಬಲ ವ್ಯಾಸದ ಘನಕ್ಕೆ ತಕ್ಕಂತೆ ಏರುವುದರಿಂದ 40 ಮಿಲಿಮೀಟರನ್ನು 44 ಮಾಡಿದರೆ ತಿರುಚು ತಾಳುವ ಶಕ್ತಿ ಮೂರನೇ ಒಂದು ಭಾಗ ಹೆಚ್ಚುತ್ತದೆ. ಮುರಿದ ಶಾಫ್ಟನ್ನು ವೆಲ್ಡ್ ಮಾಡಿಸಲೇಬೇಡಿ, ಬೆಸುಗೆಯ ಪಕ್ಕದ ಲೋಹ ಪೆಡಸಾಗುತ್ತದೆ.

ಇನ್ನೊಂದು ವಿಷಯ, ಟ್ರ್ಯಾಕ್ಟರಿನಿಂದ ರೋಟಾವೇಟರಿಗೆ ಶಕ್ತಿ ಕೊಡುವ ಪಿಟಿಒ ಕಡೆಯ ಶಿಯರ್ ಬೋಲ್ಟ್. ಕಲ್ಲು ಸಿಕ್ಕಾಗ ಮೊದಲು ತುಂಡಾಗಿ ಉಳಿದದ್ದನ್ನು ಕಾಯುವುದೇ ಅದರ ಕೆಲಸ. ಪದೇ ಪದೇ ಮುರಿಯುತ್ತದೆಂದು ಯಾರಾದರೂ ಗಟ್ಟಿ ಬೋಲ್ಟ್ ಹಾಕಿದ್ದರೆ ಏಟೆಲ್ಲ ಶಾಫ್ಟಿಗೇ ಬಿದ್ದಿರುತ್ತದೆ. ಬೋಲ್ಟಿನ ತಲೆಯ ಮೇಲಿನ ಅಂಕಿಯನ್ನು ಕೈಪಿಡಿಯ ಜೊತೆ ಹೋಲಿಸಿ, ಅದರ ಫೋಟೊವನ್ನೂ ಇಲ್ಲಿ ಹಾಕಿ.