ಎಂಆರ್‌ಐ ರಿಪೋರ್ಟಲ್ಲಿ ‘ಗ್ರೇಡ್ 3’ ಅಂತಿದೆ, ಏನರ್ಥ?

ಪ್ರಶ್ನೆ: ಡಾಕ್ಟ್ರೇ, ನಮ್ದು ಮುಳಬಾಗಿಲು ಹತ್ರ ಹಳ್ಳಿ. ಅಣ್ಣಂಗೆ 27 ವರ್ಷ. ನಡೀವಾಗ ಪಾದ ಮೇಲಕ್ಕೆ ಎತ್ತಕ್ಕಾಗಲ್ಲ, ಚಪ್ಪಲಿ ಕಳಚಿ ಹೋಗುತ್ತೆ, ಎಡವ್ತಾನೆ. ಎಂಆರ್‌ಐ ರಿಪೋರ್ಟಲ್ಲಿ ಮಂಡಿ ಕೆಳಗೆ ಮುಂಭಾಗದ ಮಾಂಸಖಂಡದಲ್ಲಿ ಕೊಬ್ಬು, ಮರ್ಕುರಿ ಗ್ರೇಡ್ 3, ತೊಡೆ ಹಿಂದೆ ಗ್ರೇಡ್ 2, ತೊಡೆ ಮುಂದೆ ನಾರ್ಮಲ್ ಅಂತಿದೆ. ಕ್ಯಾನ್ಸರ್ ಥರ ಮೂರನೇ ಸ್ಟೇಜಾ? ಅಮ್ಮ ತುಪ್ಪ, ಮೊಟ್ಟೆ ಎಲ್ಲಾ ನಿಲ್ಲಿಸಿದ್ದಾರೆ. ಅಮ್ಮನ್ನ ಅವರ ಸೋದರಮಾವನಿಗೇ ಕೊಟ್ಟಿರೋದು, ಅದಕ್ಕೇನಾದ್ರೂ ಸಂಬಂಧ ಇದ್ಯಾ?

ಉತ್ತರ: ನೋಡಮ್ಮ, ಮೊದ್ಲು ಆ ಹುಡುಗಂಗೆ ಮೊಟ್ಟೆ ಕೊಡೋಕೆ ಹೇಳಿ. ಇದು ತಿಂದ ಕೊಬ್ಬಲ್ಲ. ಮಾಂಸಖಂಡದ ಎಳೆಗಳು ಸಾಯ್ತಾ ಹೋದಾಗ ಆ ಜಾಗದಲ್ಲಿ ಕೊಬ್ಬು, ನಾರು ತುಂಬ್ಕೊಳ್ಳುತ್ತೆ, ಟಿ1 ಅನ್ನೋ ಚಿತ್ರದಲ್ಲಿ ಅದು ಬೆಳ್ಳಗೆ ಕಾಣುತ್ತೆ, ಎಷ್ಟು ಬೆಳ್ಳಗಿದೆ ಅಂತ ಕಣ್ಣಲ್ಲೇ ನೋಡಿ ಹಾಕೋ ನಂಬರೇ ಗ್ರೇಡು.

ಕ್ಯಾನ್ಸರ್ ಸ್ಟೇಜ್ ಥರ ಅಲ್ವೇ ಅಲ್ಲ. ಸ್ಟೇಜ್ ಅನ್ನೋದು ಇಡೀ ಕಾಯಿಲೆಗೆ, ಈ ಗ್ರೇಡು ಒಂದೊಂದು ಮಾಂಸಖಂಡಕ್ಕೂ ಬೇರೆ ಬೇರೆ. ಮರ್ಕುರಿ ಅಳತೆಲಿ 3 ಅಂದ್ರೆ ಆ ಖಂಡದ 60 ಪರ್ಸೆಂಟಿಗಿಂತ ಜಾಸ್ತಿ ಕೊಬ್ಬಾಗಿದೆ ಅಂತ. ಭುಜಕ್ಕೆ ಬಳಸೋ ಗುಟಾಲಿಯೆ ಅಳತೆಲಿ ಅದೇ 3 ಅಂದ್ರೆ ಅರ್ಧಕ್ಕರ್ಧ, ಅದಕ್ಕೇ ಬರೀ ನಂಬರ್ ಹಿಡ್ಕೊಂಡು ಹೆದರ್ಬೇಡಿ. ಆದ್ರೆ ಕೊಬ್ಬಾಗಿರೋ ಭಾಗ ಮತ್ತೆ ಮಾಂಸ ಆಗಲ್ಲ, ಇದನ್ನ ನಾನು ಮುಚ್ಚಿಡಲ್ಲ.

ನನ್ನ ಕಣ್ಣಿಗೆ ಬಿದ್ದಿದ್ದು 3 ಅಲ್ಲ, ತೊಡೆ ಮುಂದೆ ನಾರ್ಮಲ್ ಅನ್ನೋದು. ಯಾವ ಖಂಡ ಹಾಳಾಗಿದೆ, ಯಾವುದು ಉಳ್ಕೊಂಡಿದೆ ಅನ್ನೋದ್ರಲ್ಲೇ ಕಾಯಿಲೆ ಹೆಸರಿನ ಸುಳಿವಿರುತ್ತೆ. ಈ ವಯಸ್ಸಲ್ಲಿ ಪಾದ ಜೋತುಬಿದ್ದು ತೊಡೆ ಮುಂಭಾಗ ಗಟ್ಟಿಯಾಗೇ ಇದ್ರೆ ನಾವು ಯೋಚಿಸೋ ಹೆಸರುಗಳಲ್ಲಿ ಜಿಎನ್‌ಇ ಮಯೋಪತಿ ಅನ್ನೋ ಮಾಂಸಖಂಡದ ಕಾಯಿಲೆ ಒಂದು, ಅದು ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದ್ರೆ ಮಾತ್ರ ಬರೋದು, ರಕ್ತಸಂಬಂಧದ ಮದುವೆಲಿ ಆ ಸಾಧ್ಯತೆ ಹೆಚ್ಚು. ಹಾಗಂತ ಅಮ್ಮನ್ನ ಯಾರೂ ದೂರೋ ಹಾಗಿಲ್ಲ. ಇದೇ ಅಂತ ನಾನೂ ಇಲ್ಲಿಂದ ಹೇಳಲ್ಲ, ಜೀನ್ ಟೆಸ್ಟೇ ಹೇಳ್ಬೇಕು. ಅದೇ ಆಗಿದ್ರೆ ಒಡಹುಟ್ಟಿದವರಿಗೂ 4ರಲ್ಲಿ 1 ಪಾಲು ಸಾಧ್ಯತೆ ಇರುತ್ತೆ, ಹಾಗಾಗಿ ನಿಮ್ಮ ಬಗ್ಗೆನೂ ಡಾಕ್ಟರ್ ಹತ್ರ ಕೇಳಿ.

ಬೆಂಗಳೂರಿನ ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ, ರಿಪೋರ್ಟ್ ಹಾಳೆ ಒಂದೇ ಸಾಲದು, ಎಂಆರ್‌ಐ ಸಿಡಿನೂ ತಗೊಂಡು ಹೋಗಿ. ಕಣ್ಣಳತೆ ಡಾಕ್ಟರಿಂದ ಡಾಕ್ಟರಿಗೆ ಸ್ವಲ್ಪ ಬದಲಾಗುತ್ತೆ, ಅವರೇ ಚಿತ್ರ ನೋಡ್ಲಿ. ಅಲ್ಲಿವರೆಗೆ ಚಪ್ಪಲಿ ಬದಲು ಹಿಮ್ಮಡಿ ಹಿಡಿಯೋ ಶೂ ಕೊಡ್ಸಿ, ಪಾದ ಎತ್ತಿ ಹಿಡಿಯೋ ಸ್ಪ್ಲಿಂಟ್ ಬೇಕಾ ಅಂತ ಫಿಸಿಯೋ ಹತ್ರ ಕೇಳಿ.