ಹಂಚಿನ ಮನೆಯ ಫೋಟೊ ಜಲವರ್ಣವಾಗಬೇಕಾದರೆ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಹಂಚಿನ ಮನೆಯನ್ನು ಬರುವ ಬೇಸಿಗೆಯಲ್ಲಿ ಕೆಡವುತ್ತಿದ್ದೇವೆ. ಆಷಾಢದ ಮಳೆಯಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೊ ಒಂದಿದೆ: ಅಂಗಳ, ಜಗಲಿ, ಹಿಂದೆ ಅಡಕೆ ತೋಟ. ಅದನ್ನು ಜಲವರ್ಣದ ಹಾಗೆ ಮಾಡಿ, ಎ3 ಅಳತೆಯಲ್ಲಿ ಕಟ್ಟು ಹಾಕಿಸಿ ಅಮ್ಮನಿಗೆ ಕೊಡುವ ಆಸೆ. ಫೋಟೊಶಾಪ್‌ನ ‘ವಾಟರ್‌ಕಲರ್’ ಫಿಲ್ಟರ್ ಹಾಕಿದರೆ ಜಗಲಿ ಮಸಿ ಬಳಿದಂತೆ, ತೋಟ ಕೆಸರು ಕಲಸಿದಂತೆ ಆಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ತಪ್ಪುತ್ತಿಲ್ಲ, ಆ ಫಿಲ್ಟರಿನ ಗುಣವೇ ಅದು. ನೆರಳು ಕಂಡಲ್ಲೆಲ್ಲ ಇನ್ನಷ್ಟು ಕಪ್ಪು ಸುರಿಯುತ್ತದೆ. ‘ಶ್ಯಾಡೋ ಇಂಟೆನ್ಸಿಟಿ’ಯನ್ನು 0ಗೆ ಇಳಿಸಿ, ‘ಬ್ರಷ್ ಡೀಟೇಲ್’ ಅನ್ನು 14ಕ್ಕೆ ಏರಿಸಿದರೆ ಕೊಂಚ ತಿಳಿಯಾದೀತು. ಆದರೂ ಜಲವರ್ಣ ಅನ್ನಿಸುವುದಿಲ್ಲ. ಜಲವರ್ಣದಲ್ಲಿ ಬಿಳಿಯನ್ನು ಬಳಿಯುವ ವಾಡಿಕೆ ಕಡಿಮೆ; ಬಣ್ಣ ಹಚ್ಚದೆ ಬಿಟ್ಟ ಕಾಗದವೇ ಬಿಳಿ. ತಿಳಿಯಿಂದ ಶುರುಮಾಡಿ ಗಾಢಕ್ಕೆ ಹೋಗುತ್ತಾರೆ. ಫಿಲ್ಟರಿಗೆ ‘ಬಿಡುವುದು’ ಬರುವುದಿಲ್ಲ, ಮೂಲೆ ಮೂಲೆಗೂ ಬಣ್ಣ ತುಂಬುತ್ತದೆ. ಯಾವುದನ್ನು ಬಿಡಬೇಕು ಎಂಬುದನ್ನು ನೀವೇ ಹೇಳಿಕೊಡಬೇಕು.

ನಾನು ಈ ಕೆಲಸಕ್ಕೆ ಬಳಸುವುದು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ. ದುಡ್ಡಿಲ್ಲದೆ ಸಿಗುತ್ತದೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮೊದಲು ಫೋಟೊದ ಉದ್ದದ ಬದಿಯನ್ನು 1800 ಪಿಕ್ಸೆಲ್‌ಗೆ ಇಳಿಸಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ಫಿಲ್ಟರ್ ಪಿಕ್ಸೆಲ್ ಲೆಕ್ಕದಲ್ಲಿ ಕೆಲಸ ಮಾಡುವುದರಿಂದ 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದರ ಕೈಗುರುತೇ ಕಾಣುವುದಿಲ್ಲ. ಆಮೇಲೆ ‘ಶ್ಯಾಡೋಸ್-ಹೈಲೈಟ್ಸ್’ನಲ್ಲಿ ನೆರಳನ್ನು ಎತ್ತಿ, ಜಗಲಿಯ ಒಳಗಿನ ಮುಂಡಿಗೆ ಕಾಣುವಷ್ಟು ಬೆಳಕು ಬರಲಿ. ನಂತರ ‘ಮೀಡಿಯನ್ ಬ್ಲರ್’, ತ್ರಿಜ್ಯ 5 ಅಥವಾ 6. ಇದು ಅಂಚನ್ನು ಉಳಿಸಿಕೊಂಡು ಎಲೆ, ಕಡ್ಡಿ, ಹನಿಗಳನ್ನೆಲ್ಲ ಅಗಲವಾದ ಬಣ್ಣದ ಪಟ್ಟೆಗಳಾಗಿ ಸೇರಿಸಿಬಿಡುತ್ತದೆ.

ನಿಜವಾದ ಜಲವರ್ಣ ಒಣಗುವಾಗ ಬಣ್ಣದ ಕಣಗಳು ನೀರಿನ ಜೊತೆ ಅಂಚಿಗೆ ಹರಿದು ಅಲ್ಲಿ ತೆಳುವಾದ ಗಾಢ ಗೆರೆ ಕಟ್ಟುತ್ತವೆ. ಲೋಟದಡಿಯ ಕಾಫಿ ಕಲೆಯ ಸುತ್ತ ಉಂಗುರ ಮೂಡುವುದೂ ಹೀಗೇ. ಇದನ್ನು ತರಲು ಬ್ಲರ್ ಆದ ಲೇಯರಿನ (ಒಂದರ ಮೇಲೊಂದು ಹಾಸುವ ಚಿತ್ರದ ಪದರ) ಪ್ರತಿ ತೆಗೆದು ಬಣ್ಣ ಕಳೆಯಿರಿ. ಅದಕ್ಕೂ ಒಂದು ಪ್ರತಿ ಮಾಡಿ, ‘ಇನ್ವರ್ಟ್’ ಮಾಡಿ (ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ), ಅದರ ಮೋಡನ್ನು (ಕೆಳಗಿನ ಪದರದ ಜೊತೆ ಬೆರೆಯುವ ಬಗೆ) ‘ಡಾಡ್ಜ್’ಗೆ ಹಾಕಿ, ಸ್ವಲ್ಪ ‘ಗಾಸಿಯನ್ ಬ್ಲರ್’ ಕೊಡಿ. ಪೆನ್ಸಿಲ್ ಗೆರೆಯ ಚಿತ್ರ ಎದ್ದು ಬರುತ್ತದೆ. ಈ ಎರಡನ್ನೂ ಒಂದಾಗಿಸಿ, ‘ಮಲ್ಟಿಪ್ಲೈ’ ಮೋಡಿನಲ್ಲಿ ಶೇ 35ರಷ್ಟು ಮಾತ್ರ ಕಾಣಲಿ. ಗೆರೆಯನ್ನು ಮೂಲ ಫೋಟೊದಿಂದ ತೆಗೆಯಬೇಡಿ. ಅಡಕೆ ಸೋಗೆಯ ಒಂದೊಂದು ಎಳೆಗೂ ಗೆರೆ ಬಂದು ತೋಟ ಜೇಡರ ಬಲೆಯಾಗುತ್ತದೆ.

ಈಗ ‘ಬಿಡುವ’ ಕೆಲಸ. ಅಡಿಯಲ್ಲಿ ಬಿಳಿ ಲೇಯರ್ ಇಡಿ, ಚಿತ್ರಕ್ಕೆ ಮಾಸ್ಕ್ (ಕಪ್ಪು ಬಳಿದಲ್ಲಿ ಚಿತ್ರವನ್ನು ಮರೆಮಾಡುವ ಹೊದಿಕೆ) ಸೇರಿಸಿ, ಒರಟು ಬ್ರಷ್ಷಿನಿಂದ ಕಪ್ಪು ಬಳಿಯುತ್ತಾ ಚಿತ್ರವನ್ನು ಅಲ್ಲಲ್ಲಿ ಅಳಿಸಿ. ಆಕಾಶದ ಮುಕ್ಕಾಲು ಪಾಲು ಹೋಗಲಿ, ಅಂಗಳದ ಮುಂಭಾಗ ಹೋಗಲಿ, ನೀರಿನ ಪೈಪು, ಕೇಬಲ್ಲು, ಒಗೆದ ಬಟ್ಟೆ ಹೋಗಲಿ. (ಬಟ್ಟೆಯ ಹಗ್ಗ ಇರಲಿ ಅಂತ ಅಮ್ಮ ಹೇಳಿದರೆ ನನ್ನ ಮಾತು ಕೇಳಬೇಡಿ.) ಸೂರಿನಿಂದ ಇಳಿಯುವ ನೀರಿನ ಎಳೆಗಳನ್ನು ಪೂರಾ ಬಿಳಿಯಾಗಿ ಬಿಟ್ಟರೆ ಚಿತ್ರದಲ್ಲಿ ಮಳೆ ತಾನೇ ಸುರಿಯುತ್ತದೆ.

ತೋಟ ಕೆಸರಾಗಲು ಇನ್ನೊಂದು ಕಾರಣ, ಎಲ್ಲ ಹಸಿರೂ ಒಂದೇ ಹಸಿರಾಗಿರುವುದು. ದೂರದ ಸಾಲನ್ನು ನೀಲಿಯ ಕಡೆಗೆ, ಹತ್ತಿರದ ಮರಗಳನ್ನು ಹಳದಿಯ ಕಡೆಗೆ ತುಸು ವಾಲಿಸಿ. ಹಂಚಿನ ಕೆಂಪು, ಅದರ ಮೇಲಿನ ಹಾವಸೆ ಮಾತ್ರ ಕಣ್ಣಿಗೆ ಹೊಡೆಯುವ ಬಣ್ಣವಾಗಿರಲಿ.

ಕಾಗದದ ತರಿ ಕೊನೆಯದು. ಪುಸ್ತಕದಂಗಡಿಯಲ್ಲಿ ಸಿಗುವ ಜಲವರ್ಣದ ಒರಟು ಹಾಳೆ ತಂದು, ಕಿಟಕಿಯ ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಚಿತ್ರವನ್ನು 3300 ಪಿಕ್ಸೆಲ್‌ಗೆ ಹಿಗ್ಗಿಸಿ (ಎ3 ಹಾಳೆಯ ಉದ್ದ 16.5 ಇಂಚು, ಇಂಚಿಗೆ 200 ಪಿಕ್ಸೆಲ್ ಸಾಕು), ಆಮೇಲೆ ಹಾಳೆಯ ಫೋಟೊದ ಬಣ್ಣ ಕಳೆದು, ಬಿಳಿಗೆ ಹತ್ತಿರ ತಂದು ಮೇಲಿಂದ ‘ಮಲ್ಟಿಪ್ಲೈ’ನಲ್ಲಿ ಹಾಸಿ. ಹಿಗ್ಗಿಸಿದ ಬಣ್ಣ ಮೆತ್ತಗಾದರೂ ತರಿ ಚೂಪಾಗಿರುವುದರಿಂದ ಕಣ್ಣು ನಂಬುತ್ತದೆ.

ಮುದ್ರಣಕ್ಕೆ ಕೊಡುವಾಗ ‘ಮ್ಯಾಟ್’ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಹೊಳೆಯುವ ಹಾಳೆ ಬಂದೀತು. ಶಿವಮೊಗ್ಗದಲ್ಲಿ ಒಮ್ಮೆ ನನಗೆ ಹಾಗೇ ಆಗಿ, ಜಲವರ್ಣ ಹೋಗಿ ಕ್ಯಾಲೆಂಡರ್ ಕೈಗೆ ಬಂತು. ಪರದೆಯ ಮೇಲಿನ ಎಳೆ ಹಸಿರು ಮುದ್ರಣದ ಶಾಯಿಗೆ ಸಿಗುವುದಿಲ್ಲ, ಮಂಕಾಗುತ್ತದೆ. ಮೊದಲು ಚಿಕ್ಕದೊಂದು ಪ್ರತಿ ತೆಗೆಸಿ ನೋಡಿ.

ಪ್ರಶ್ನೆ: ಮಳೆಗಾಲದ ಜೋಗದ ಫೋಟೊದಲ್ಲಿ ಅರ್ಧ ಮಂಜೇ. ಫಿಲ್ಟರ್ ಹಾಕಿದರೆ ಮಂಜು ತೇಪೆ ತೇಪೆಯಾಗುತ್ತದೆ. (ಸಾಗರದ ಓದುಗರು)

ಉತ್ತರ: ಮಂಜಿಗೆ ‘ಮೀಡಿಯನ್’ ಬೇಡ, ಗೆರೆಯೂ ಬೇಡ. ಕಲಾವಿದರು ಹಾಳೆಯನ್ನು ಮೊದಲೇ ಒದ್ದೆ ಮಾಡಿ ಬಣ್ಣ ಬಿಡುತ್ತಾರೆ, ಅಂಚು ಕರಗಿ ಹೋಗುತ್ತದೆ. ನೀವು ಆ ಭಾಗಕ್ಕಷ್ಟೇ ‘ಗಾಸಿಯನ್ ಬ್ಲರ್’ ಕೊಟ್ಟು, ಗೆರೆಯ ಲೇಯರನ್ನು ಅಲ್ಲಿ ಮಾಸ್ಕಿನಿಂದ ಅಳಿಸಿ. ಕೆಲಸ ಶುರುಮಾಡುವ ಮುನ್ನ ‘ಪ್ರಿಸಿಷನ್’ (ಬಣ್ಣದ ಮೆಟ್ಟಿಲುಗಳ ಸೂಕ್ಷ್ಮತೆ) ಅನ್ನು 16 ಬಿಟ್‌ಗೆ ಏರಿಸಿದರೆ ತೇಪೆ ಇನ್ನೂ ಕಡಿಮೆ. ಮಂಜು ತೆಗೆಯುವ ‘ಡೀಹೇಜ್’ ತಂಟೆಗೆ ಮಾತ್ರ ಹೋಗಬೇಡಿ. 253 ಮೀಟರ್ ಎತ್ತರದಿಂದ ಬೀಳುವ ರಾಜ ಅರ್ಧದಲ್ಲೇ ಮಂಜಿನೊಳಗೆ ಮಾಯವಾಗುವುದೇ ಆ ಚಿತ್ರದ ಸೊಗಸು. ಬಂಡೆಗೆ ನಾಲ್ಕು ಗಾಢ ಏಟು ಕೊಟ್ಟು ಕೈ ತೊಳೆದುಕೊಳ್ಳಿ.

ಪ್ರಶ್ನೆ: ಬೇರೆಯವರು ತೆಗೆದ ಕವಲೇದುರ್ಗದ ಫೋಟೊವನ್ನು ಹೀಗೆ ಮಾಡಿ ಮಾರಬಹುದೆ?

ಉತ್ತರ: ಕೇಳದೆ ಮಾರುವಂತಿಲ್ಲ. ಫಿಲ್ಟರ್ ಹಾಕಿದ ಮಾತ್ರಕ್ಕೆ ಫೋಟೊದ ಹಕ್ಕು ನಿಮ್ಮದಾಗುವುದಿಲ್ಲ. ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಅಥವಾ ಒಂದು ದಿನ ಬೆಳಗ್ಗೆ ಬೇಗ ಎದ್ದು ನೀವೇ ಕೋಟೆ ಹತ್ತಿ, ಜಿಗಣೆಗೆ ಉಪ್ಪು ಜೇಬಿನಲ್ಲಿರಲಿ.