ಮರದ ನೆರಳಿನ ಒದ್ದೆ ಜಾಗಕ್ಕೆ ಯಾವ ಹೂಗಿಡ?

ಪ್ರಶ್ನೆ: ಮನೆಯ ಹಿಂದೆ ಗೋಡೆಗೂ ದೊಡ್ಡ ಮರಕ್ಕೂ ನಡುವೆ ಸ್ವಲ್ಪ ಜಾಗವಿದೆ. ಬೆಳಿಗ್ಗೆ ಎರಡು ಗಂಟೆ ಬಿಸಿಲು, ಆಮೇಲೆ ನೆರಳು. ತಾರಸಿಯ ನೀರು ಅಲ್ಲೇ ಬೀಳುವುದರಿಂದ ಮಳೆಗಾಲವಿಡೀ ಒದ್ದೆ. ಗುಲಾಬಿ, ಸೇವಂತಿಗೆ ಎರಡೂ ಸೊರಗಿದವು. ಪ್ರತಿ ವರ್ಷ ಹೊಸದಾಗಿ ನೆಡುವ ರಗಳೆ ಇಲ್ಲದ, ನಮ್ಮ ನೆಲದ್ದೇ ಹೂಗಿಡ ಹೇಳುತ್ತೀರಾ?
– ಓದುಗರೊಬ್ಬರು

ಉತ್ತರ: ಗುಲಾಬಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಎರಡು ಗಂಟೆಯಲ್ಲಿ ಅದು ಸೊರಗದೆ ಇನ್ನೇನು? ನಿಮ್ಮ ಜಾಗ ಶುಂಠಿ, ಅರಿಶಿನದ ಬಳಗಕ್ಕೂ ಅವುಗಳ ನೆಂಟರಿಗೂ ಹೇಳಿ ಮಾಡಿಸಿದಂತಿದೆ. ಕಾಡಿನಲ್ಲೂ ಅವು ಬೆಳೆಯುವುದು ಮರದಡಿಯ ತೇವದಲ್ಲೇ ಅಲ್ವಾ.

ನಾನಾದರೆ ಮೊದಲು ಚಂಗಲಕೋಷ್ಟ ನೆಡುತ್ತೇನೆ. ಆಳೆತ್ತರ ಬೆಳೆಯುತ್ತದೆ, ಕಾಂಡ ಸುರುಳಿಯಾಗಿ ತಿರುಗಿಕೊಂಡು ಏಳುತ್ತದೆ. ಮಳೆಗಾಲದಲ್ಲಿ ತುದಿಯ ಕೆಂಪು ತೆನೆಯಿಂದ ತೆಳ್ಳನೆಯ ಬಿಳಿ ಹೂ ಹೊರಬರುತ್ತದೆ. ಕೊಳ್ಳುವಾಗ ಹುಷಾರು. ಇದೇ ಅಂತ ಇನ್ಸುಲಿನ್ ಗಿಡ ಕೊಟ್ಟಾರು. ಅದು ಬ್ರೆಜಿಲ್ ಮೂಲದ್ದು, ಹೂ ಕಿತ್ತಳೆ ಬಣ್ಣ.

ಅದರ ಮುಂದೆ ಗಿಡ್ಡಕ್ಕೆ ಕಸ್ತೂರಿ ಅರಿಶಿನ, ನೆಲಸಂಪಿಗೆ ಇರಲಿ. ನೆಲಸಂಪಿಗೆಯದು ಎಲೆಗಿಂತ ಮೊದಲು ಹೂ. ಬೇಸಿಗೆಯಲ್ಲಿ ಬರೀ ಮಣ್ಣಿನಿಂದ ನೇರವಾಗಿ ಬಿಳಿ-ನೇರಳೆ ಹೂ ಏಳುತ್ತದೆ, ಒಳ್ಳೆ ಪರಿಮಳ. ಆದರೆ ನಿಂತ ನೀರು ಇವೆರಡಕ್ಕೂ ಆಗದು, ಗೆಡ್ಡೆ ಕೊಳೆಯುತ್ತದೆ. ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿ ನೋಡಿ. ಮರುದಿನವೂ ನೀರು ಇಂಗದಿದ್ದರೆ ಎಲೆಗೊಬ್ಬರ ಬೆರೆಸಿದ ಮಣ್ಣು ಹಾಕಿ ಅರ್ಧ ಅಡಿ ಏರಿಸಿಯೇ ಇವನ್ನು ನೆಡಿ. ಚಂಗಲಕೋಷ್ಟ ಇಷ್ಟು ಸೂಕ್ಷ್ಮವಲ್ಲ.

ಜಾಸ್ತಿ ಗಿಡ ಸಾಯುವುದು ನಮ್ಮ ಅವಸರದಿಂದ. ಮಳೆ ನಿಂತ ಮೇಲೆ ಇವುಗಳ ಎಲೆ ಹಳದಿಯಾಗಿ ಒಣಗಿ ಬೀಳುತ್ತದೆ. ಗಿಡ ಸತ್ತಿಲ್ಲ, ನೆಲದೊಳಗೆ ಗೆಡ್ಡೆ ಮಲಗಿದೆ. ಆಗ ಪಾಪ ಅಂತ ದಿನವೂ ನೀರು ಹಾಕಿದರೆ ಮಲಗಿದ್ದು ಕೊಳೆಯುತ್ತದೆ. ಸತ್ತಿತು ಅಂತ ಅಗೆದು ಎಸೆಯುವವರೂ ಇದ್ದಾರೆ! ಜಾಗ ಮರೆಯದ ಹಾಗೆ ಒಂದು ಕೋಲು ನೆಟ್ಟು, ಮೇಲೆ ತರಗೆಲೆ ಹರಡಿ ಸುಮ್ನೆ ಬಿಟ್ಟುಬಿಡಿ.

ನಡುವೆ ನೆಲ ಖಾಲಿ ಕಾಣುತ್ತದೆ ಅಂತ ಹಳದಿ ಹೂವಿನ ವೆಡೇಲಿಯಾ ಬಳ್ಳಿ ಮಾತ್ರ ತರಬೇಡಿ. ಅದು ಅಮೆರಿಕ ಖಂಡದ್ದು. ಒದ್ದೆ ಸಿಕ್ಕರೆ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಒಂದೆಲಗ ಹಬ್ಬಿಸಿ, ಸಾಕು.